ಮರಿ ಬಂದ ಮನೆಯಲ್ಲಿ ನೆಲ, ಜಮಖಾನ: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ನಾಯಿಮರಿಗಳ ಪಾಲನೆಯ ಕುರಿತು ಪ್ರಶ್ನೆಗಳನ್ನು ಕಳುಹಿಸಿ ಎಂದು ಕೋರಿದ್ದಕ್ಕೆ ಬಂದ ಪತ್ರಗಳಲ್ಲಿ ಆಹಾರಕ್ಕಿಂತ, ಲಸಿಕೆಗಿಂತ, ನೆಲದ ಮಾತೇ ಹೆಚ್ಚಾಗಿದೆ. ಅದು ಸಹಜವೇ. ನಾವು ನೆಲದ ಮೇಲೆ ಕೂರುವ, ಬಂದವರಿಗೆ ಜಮಖಾನ ಹಾಸುವ ಜನ. ಮಕ್ಕಳು ಅಂಬೆಗಾಲಿಡುವುದೂ ಹಿರಿಯರು ಮಧ್ಯಾಹ್ನ ಚಾಪೆ ಹಾಸಿ ಅಡ್ಡಾಗುವುದೂ ಅಲ್ಲಿಯೇ. ನೆಲ ಕೆಡುತ್ತದೆ ಎಂಬ ಒಂದೇ ಕಾರಣಕ್ಕೆ ಮೂರು ತಿಂಗಳ ಮರಿಯನ್ನು ಬೇರೆಯವರಿಗೆ ಕೊಟ್ಟುಬಿಟ್ಟವರನ್ನೂ, ಗೇಟಿನ ಬಳಿ ಹಗ್ಗದಲ್ಲಿ ಕಟ್ಟಿಹಾಕಿದವರನ್ನೂ ನನ್ನ ವೃತ್ತಿಯಲ್ಲಿ ಕಂಡಿದ್ದೇನೆ. ಹಾಗೆ ಕಳೆದುಹೋದ ಮರಿಗಳಲ್ಲಿ ಬಹುಪಾಲು ಇನ್ನು ಒಂದೆರಡು ತಿಂಗಳಲ್ಲಿ ತಾವಾಗಿಯೇ ಕಲಿತುಬಿಡುತ್ತಿದ್ದವು. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಎರಡು ತಿಂಗಳು ತುಂಬಿದ ಮೇಲೆ ಮುಧೋಳ ತಳಿಯ ಗಂಡುಮರಿಯೊಂದನ್ನು ತಂದೆವು, ಈಗ ಅದಕ್ಕೆ ಮೂರು ತಿಂಗಳಾಗುತ್ತಾ ಬಂತು. ನಡುಮನೆಯಲ್ಲಿ ನಮ್ಮ ತಾಯಿಯವರ ಕಾಲದ ನವಲಗುಂದದ ಜಮಖಾನ ಹಾಸಿದೆ. ಹಿತ್ತಲಿಗೆ ಬಿಟ್ಟರೆ ಮರಿ ಎಲೆ ಮೂಸುತ್ತಾ ಆಡುತ್ತದೆ, ಒಳಗೆ ಬಂದ ಕೂಡಲೇ ಜಮಖಾನದ ಮೇಲೆ ಒಂದಕ್ಕೆ ಮಾಡುತ್ತದೆ. ಮೂತಿಯನ್ನು ಅಲ್ಲಿಯೇ ಉಜ್ಜಿ ಎರಡು ಏಟು ಕೊಟ್ಟರೆ ಬುದ್ಧಿ ಬರುತ್ತದೆ ಎಂದು ಪಕ್ಕದ ಮನೆಯವರು ಹೇಳಿದರು. ಹಾಗೆ ಮಾಡಿದಾಗಿನಿಂದ ಮಂಚದ ಕೆಳಗೆ ಹೋಗಿ ಮಾಡುತ್ತಿದೆ. ಜಮಖಾನವನ್ನೂ ಮರಿಯನ್ನೂ ಉಳಿಸಿಕೊಳ್ಳುವುದು ಹೇಗೆ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಈ ಪತ್ರ ಓದಿದ ಕೂಡಲೇ ಜಮಖಾನವನ್ನು ಸುತ್ತಿ ಎತ್ತಿಡಿ. ಮರಿಗೆ ಆರು ತಿಂಗಳು ತುಂಬುವವರೆಗೆ ಅದು ನೆಲ ಕಾಣಬೇಕಾಗಿಲ್ಲ. ಇದನ್ನು ಸೋಲು ಎಂದು ಭಾವಿಸಬೇಡಿ. ಮೂತ್ರಕೋಶದ ಮೇಲೆ ಮರಿಗೆ ಹಿಡಿತ ಬರುವುದು ನಾಲ್ಕರಿಂದ ಆರು ತಿಂಗಳ ನಡುವೆ. ಅದಕ್ಕೂ ಮುಂಚೆ ಅದರ ದೇಹಕ್ಕೆ ಸಾಧ್ಯವಿಲ್ಲದ್ದನ್ನು ನಿರೀಕ್ಷಿಸಿ ಕೈಮಗ್ಗದ ವಸ್ತುವನ್ನು ಪಣಕ್ಕಿಡುವುದರಲ್ಲಿ ಅರ್ಥವಿಲ್ಲ.

ಮರಿ ಜಮಖಾನವನ್ನೇ ಏಕೆ ಆರಿಸಿಕೊಳ್ಳುತ್ತದೆ ಎಂಬುದನ್ನು ತಿಳಿದರೆ ನಿಮ್ಮ ಸಿಟ್ಟು ಅರ್ಧ ಇಳಿಯುತ್ತದೆ. ಗಟ್ಟಿ ನೆಲದ ಮೇಲೆ ಮಾಡಿದರೆ ಮೂತ್ರ ಹರಡಿ ಕಾಲಿಗೆ ತಾಗುತ್ತದೆ. ಮೆತ್ತನೆಯದರ ಮೇಲೆ ಮಾಡಿದರೆ ಇಂಗುತ್ತದೆ. ಮರಿಯ ಅಂಗಾಲಿಗೆ ಹುಲ್ಲೂ ಒಂದೇ, ನವಿಲಿನ ಚಿತ್ತಾರವಿರುವ ನೂಲಿನ ಹಾಸೂ ಒಂದೇ. ಇದರ ಜೊತೆಗೆ ಮುಧೋಳ ತಳಿಯದು ಗಿಡ್ಡ ರೋಮ, ತೆಳು ಚರ್ಮ, ಕೊಬ್ಬಿಲ್ಲದ ಮೈ. ಬರಿ ನೆಲ ಅದಕ್ಕೆ ತಣ್ಣಗೆ ಕೊರೆಯುತ್ತದೆ, ದೊಡ್ಡದಾದ ಮೇಲೆ ಮೊಣಕೈಯಲ್ಲಿ ಗಟ್ಟಿ ಗಂಟು, ಹುಣ್ಣು ಆಗುವುದೂ ಇದೆ. ಆದ್ದರಿಂದ ಮೆತ್ತನೆಯ ಜಾಗವನ್ನು ಅದು ಹುಡುಕಿಕೊಂಡು ಹೋಗುವುದು ತಪ್ಪಲ್ಲ. ನಿಮ್ಮ ಕಡೆಯ ಮನೆಗಳಲ್ಲಿ ಹಳೆಯ ಕೌದಿಗಳಿಗೆ ಬರವಿಲ್ಲ. ಒಂದನ್ನು ನಾಲ್ಕಾಗಿ ಮಡಚಿ ಮೂಲೆಯಲ್ಲಿ ಹಾಕಿ, ಅದು ಅದರದೇ ಜಾಗ ಎಂದು ಬಿಟ್ಟುಬಿಡಿ. ಮಲಗುವ ಜಾಗವನ್ನು ಮರಿ ಸಾಮಾನ್ಯವಾಗಿ ಹೊಲಸು ಮಾಡುವುದಿಲ್ಲ, ಮಾಡಿದರೂ ಕೌದಿಯನ್ನು ಒಗೆದು ಬಿಸಿಲಿಗೆ ಹಾಕಬಹುದು.

ಇನ್ನು ಹಿತ್ತಲಿನ ಮಾತು. ನೀವು ಮರಿಯನ್ನು ಹಿತ್ತಲಿಗೆ ಬಿಡುತ್ತಿದ್ದೀರಿ, ಜೊತೆಗೆ ಹೋಗುತ್ತಿಲ್ಲ. ಒಂಟಿಯಾಗಿ ಬಿಟ್ಟ ಮರಿಗೆ ಹಿತ್ತಲೆಂದರೆ ಆಟದ ಬಯಲು. ಅಳಿಲು, ಒಣಗಿದ ಎಲೆ, ಪಕ್ಕದ ಮನೆಯ ಸದ್ದು ಇವುಗಳ ನಡುವೆ ಬಂದ ಕೆಲಸವೇ ಮರೆತು, ಸದ್ದಡಗಿದ ಮನೆಯೊಳಗೆ ಬಂದಾಗ ನೆನಪಾಗುತ್ತದೆ. ಕೊರಳಪಟ್ಟಿಗೆ ಹಗುರವಾದ ಹಗ್ಗ ಹಾಕಿ ನೀವೇ ಕರೆದೊಯ್ದು, ಪ್ರತಿಸಲವೂ ಒಂದೇ ಜಾಗದಲ್ಲಿ, ಮಾತಾಡದೆ, ಐದರಿಂದ ಹತ್ತು ನಿಮಿಷ ನಿಲ್ಲಿ. ಕೆಲಸ ಮುಗಿಸಿದ ಕ್ಷಣದಲ್ಲೇ ಮೆಚ್ಚಿ ಮಾತಾಡಿಸಿ, ಜೇಬಿನಲ್ಲಿಟ್ಟುಕೊಂಡ ಒಂದು ಚೂರು ಬೇಯಿಸಿದ ಮಾಂಸವನ್ನೋ ಚಪಾತಿಯ ತುಂಡನ್ನೋ ಅಲ್ಲಿಯೇ ಕೊಡಿ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಕೊಟ್ಟಂತಾಗುತ್ತದೆ. ಆಮೇಲೆ ಅಲ್ಲಿಯೇ ಸ್ವಲ್ಪ ಹೊತ್ತು ಆಡಿಸಿ. ಮುಗಿಸಿದ ತಕ್ಷಣ ಒಳಗೆ ಎಳೆದುಕೊಂಡು ಬಂದರೆ, ಮುಗಿಸಿದರೆ ಆಟ ಮುಗಿಯುತ್ತದೆ ಎಂದು ಮರಿ ಕಲಿತು ಬೇಕೆಂದೇ ತಡಮಾಡತೊಡಗುತ್ತದೆ. ಏನೂ ಮಾಡದಿದ್ದರೆ ಒಳಗೆ ಬಂದ ಮೇಲೆ ಬಿಡಬೇಡಿ: ತೊಡೆಯ ಮೇಲೋ ಕಾಲ ಬಳಿಯೋ ಹತ್ತು ಹದಿನೈದು ನಿಮಿಷ ಇಟ್ಟುಕೊಂಡು ಮತ್ತೆ ಅದೇ ಜಾಗಕ್ಕೆ ಕರೆದೊಯ್ಯಿರಿ. ನಿಮ್ಮ ಮನೆಯ ಸಮಸ್ಯೆಗೆ ಮುಖ್ಯ ಮದ್ದು ಈ ಹದಿನೈದು ನಿಮಿಷವೇ.

ಯಾವಾಗ ಕರೆದೊಯ್ಯಬೇಕು? ನಿದ್ದೆಯಿಂದ ಎದ್ದ ಕೂಡಲೇ, ಊಟವಾದ ಹದಿನೈದು ನಿಮಿಷದಿಂದ ಅರ್ಧ ಗಂಟೆಯೊಳಗೆ, ಆಟ ಮುಗಿದೊಡನೆ, ರಾತ್ರಿ ಮಲಗುವ ಮುನ್ನ. ಉಳಿದಂತೆ, ವಯಸ್ಸು ಎಷ್ಟು ತಿಂಗಳೋ ಅಷ್ಟು ಗಂಟೆ ತಡೆದುಕೊಳ್ಳಬಲ್ಲದು ಎಂಬುದು ಒಂದು ಸ್ಥೂಲ ಲೆಕ್ಕ. ಎಚ್ಚರವಿದ್ದು ಓಡಾಡುತ್ತಿರುವಾಗ ಅಷ್ಟೂ ತಡೆಯುವುದಿಲ್ಲ. ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ನಾಲ್ಕು ದಿನ ಹೊತ್ತು ಬರೆದಿಟ್ಟು ನೋಡಿ, ನಿಮ್ಮ ಮರಿಯ ವೇಳಾಪಟ್ಟಿ ಕಣ್ಣಿಗೆ ಕಾಣುತ್ತದೆ. ಮೂಗು ನೆಲಕ್ಕಿಟ್ಟು ಸುತ್ತು ಹೊಡೆಯುವುದು, ಆಟದ ನಡುವೆ ಇದ್ದಕ್ಕಿದ್ದಂತೆ ಎದ್ದು ಮೂಲೆಗೆ ಹೋಗುವುದು, ಇವು ಎತ್ತಿಕೊಂಡು ಓಡಬೇಕಾದ ಸೂಚನೆಗಳು.

ಮೂತಿ ಉಜ್ಜುವ ಪದ್ಧತಿಯನ್ನು ದಯವಿಟ್ಟು ಇಂದೇ ಬಿಡಿ. ಮಾಡಿದ ಕೆಲಸಕ್ಕೂ ಐದು ನಿಮಿಷದ ನಂತರ ಬಿದ್ದ ಏಟಿಗೂ ಮರಿ ಸಂಬಂಧ ಕಲ್ಪಿಸಿಕೊಳ್ಳಲಾರದು. ಅದು ಕಲಿತದ್ದು ಒಂದೇ: ಮನುಷ್ಯರ ಎದುರಿಗೆ ಮೂತ್ರ ಮಾಡುವುದು ಅಪಾಯ. ಮಂಚದ ಕೆಳಗೆ ಹೋಗುತ್ತಿರುವುದು ಅದಕ್ಕೇ, ಇನ್ನು ಮುಂದೆ ಹಿತ್ತಲಿನಲ್ಲಿ ನೀವು ಪಕ್ಕದಲ್ಲಿದ್ದಾಗ ಮಾಡಲು ಹಿಂಜರಿದರೆ ಅದೂ ಅದಕ್ಕೇ. ನಂಬಿಕೆ ಮರಳಲು ಎರಡು ಮೂರು ವಾರ ಬೇಕಾಗಬಹುದು. ಅಲ್ಲಿಯವರೆಗೆ ಮಂಚದ ಕೆಳಗಿನ ಜಾಗವನ್ನು ಪೆಟ್ಟಿಗೆಗಳನ್ನಿಟ್ಟು ಮುಚ್ಚಿ.

ಜಮಖಾನದ ಮೇಲೆ ಈಗಾಗಲೇ ಬಿದ್ದ ಕಲೆಗೆ: ನವಲಗುಂದದ ಹಾಸು ಹತ್ತಿಯದಾದ್ದರಿಂದ ಒಗೆಯಬಹುದು, ಆದರೆ ಹಳೆಯ ಬಣ್ಣ ಬಿಡುವ ಸಾಧ್ಯತೆಯಿದೆ. ಮೊದಲು ಅಂಚಿನ ಕೆಂಪು ಪಟ್ಟಿಯ ಮೇಲೆ ಒದ್ದೆ ಬಿಳಿ ಬಟ್ಟೆಯನ್ನು ಒತ್ತಿ ನೋಡಿ. ಬಟ್ಟೆಗೆ ಬಣ್ಣ ಅಂಟಿದರೆ ನೀರಿಗೆ ಹಾಕದೆ ಕಲೆಯಾದ ಜಾಗವನ್ನಷ್ಟೇ ತಣ್ಣೀರಿನ ಬಟ್ಟೆಯಿಂದ ಒತ್ತಿ ಒತ್ತಿ ತೆಗೆಯಿರಿ. ಅಂಟದಿದ್ದರೆ ತಣ್ಣೀರಿಗೆ ಸೌಮ್ಯ ಸೋಪು ಹಾಕಿ ಎರಡೂ ಮಗ್ಗುಲು ತೊಳೆದು ನೆರಳಿನಲ್ಲಿ ಗಾಳಿಗೆ ಒಣಗಿಸಿ. ಪೂರ್ತಿ ಒಣಗಿದ ಮೇಲೆಯೇ ಸುತ್ತಿ. ಸುರುಳಿಯೊಳಗೆ ನುಸಿಗುಳಿಗೆ ಇಡುವ ರೂಢಿ ನಿಮ್ಮಲ್ಲಿದ್ದರೆ ಈ ಬಾರಿ ಬೇಡ. ಅದರಲ್ಲಿರುವ ನ್ಯಾಫ್ತಲೀನ್ ನಾಯಿಗೆ ವಿಷ, ಒಂದು ಗುಳಿಗೆ ನುಂಗಿದರೂ ಮರಿಯನ್ನು ಆಸ್ಪತ್ರೆಗೆ ತರಬೇಕಾಗುತ್ತದೆ. ಒಣಗಿಸಿದ ಬೇವಿನ ಸೊಪ್ಪು ಸಾಕು.

ಪ್ರಶ್ನೆ: ನಾವು ಒಂಬತ್ತನೆಯ ಮಹಡಿಯ ಫ್ಲ್ಯಾಟಿನಲ್ಲಿದ್ದೇವೆ. ಒಂಬತ್ತು ವಾರದ ಲ್ಯಾಬ್ರಡಾರ್ ಮರಿಯಿದೆ. ಲಸಿಕೆಗಳು ಮುಗಿಯುವವರೆಗೆ ಕೆಳಗೆ ಇಳಿಸಬೇಡಿ ಎಂದು ವೈದ್ಯರು ಹೇಳಿದ್ದಾರೆ. ಹಾಗಿದ್ದರೆ ಹೊರಗೆ ಹೋಗುವುದನ್ನು ಕಲಿಸುವುದು ಹೇಗೆ? ಪೇಪರಿನ ಮೇಲೆ ರೂಢಿಯಾದರೆ ಮುಂದೆ ಬಿಡಿಸಲು ಆಗುವುದಿಲ್ಲ ಎನ್ನುತ್ತಾರೆ. ನಯವಾದ ಟೈಲ್ಸ್ ಮೇಲೆ ಮರಿಯ ಹಿಂಗಾಲು ಜಾರಿ ಅಗಲವಾಗುವುದನ್ನು ನೋಡಿ ಗಾಬರಿಯಾಗುತ್ತದೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು.
— ದಂಪತಿ, ಬೆಂಗಳೂರು

ಉತ್ತರ: ನಿಮ್ಮ ವೈದ್ಯರ ಮಾತು ಸರಿಯಾಗಿದೆ. ಪಾರ್ವೊ ವೈರಸ್ ಸೋಂಕಿತ ನಾಯಿಯ ಮಲದಿಂದ ಮಣ್ಣಿಗೆ, ಮೆಟ್ಟಿಲಿಗೆ, ಚಪ್ಪಲಿಗೆ ಸೇರಿ ತಿಂಗಳುಗಟ್ಟಲೆ ಬದುಕಿರುತ್ತದೆ. ರಕ್ತಭೇದಿಯಾದ ಮರಿ ಎರಡು ಮೂರು ದಿನದಲ್ಲೇ ಕೈಬಿಟ್ಟು ಹೋಗಬಹುದು. ಆರರಿಂದ ಎಂಟು ವಾರದ ನಡುವೆ ಆರಂಭವಾಗುವ ಲಸಿಕೆಯನ್ನು 16 ವಾರ ತುಂಬುವವರೆಗೆ ಮೂರು ನಾಲ್ಕು ವಾರಗಳಿಗೊಮ್ಮೆ ಹಾಕಿಸುವುದು, ಮೂರು ತಿಂಗಳಿಗೆ ರೇಬೀಸ್ ಲಸಿಕೆ ಕೊಡಿಸುವುದು, ಇವುಗಳಲ್ಲಿ ಒಂದೂ ತಪ್ಪಬಾರದು. ನೀವೂ ಹೊರಗಿನ ಚಪ್ಪಲಿಯನ್ನು ಬಾಗಿಲಾಚೆಯೇ ಬಿಡಿ. ನಮ್ಮ ಹಿರಿಯರು ಹೊರಗಿನಿಂದ ಬಂದವರು ಕಾಲು ತೊಳೆದು ಒಳಗೆ ಬರಬೇಕು ಎನ್ನುತ್ತಿದ್ದುದು ಮರಿಯಿರುವ ಮನೆಗೆ ಅಕ್ಷರಶಃ ಅನ್ವಯಿಸುತ್ತದೆ.

ಹಾಗೆಂದು ಏಳೆಂಟು ವಾರ ಮರಿಯನ್ನು ನಾಲ್ಕು ಗೋಡೆಗಳ ನಡುವೆಯೇ ಇಡಬೇಡಿ. ಲೋಕಕ್ಕೆ ಹೆದರದಿರಲು ಮರಿ ಕಲಿಯುವ ವಯಸ್ಸೂ ಇದೇ. ಎತ್ತಿಕೊಂಡು ಕೆಳಗಿಳಿದು ಆಟೊ, ಹಾರ್ನು, ಮಕ್ಕಳ ಗಲಾಟೆ ಎಲ್ಲವನ್ನೂ ತೋರಿಸಿ, ನೆಲಕ್ಕೆ ಬಿಡದಿದ್ದರಾಯಿತು.

ಮೂತ್ರಕ್ಕೆ ನಿಮ್ಮ ಬಾಲ್ಕನಿಯೇ ಹಿತ್ತಲು. ಬಾಲ್ಕನಿಯ ಒಂದು ಮೂಲೆಯಲ್ಲಿ ಅಂಚಿರುವ ಅಗಲವಾದ ಟ್ರೇ ಇಟ್ಟು, ಅದರಲ್ಲಿ ನರ್ಸರಿಯಲ್ಲಿ ಸಿಗುವ ಹುಲ್ಲಿನ ಹಾಸನ್ನು ಹರಡಿ. ನಾನು ಪೇಪರಿಗಿಂತ ಹುಲ್ಲನ್ನೇ ಹೇಳುವುದಕ್ಕೆ ಕಾರಣವಿದೆ: ಮರಿ ಜಾಗವನ್ನು ಕಲಿಯುವುದರ ಜೊತೆಗೆ ಅಂಗಾಲಿಗೆ ತಾಗುವ ಸ್ಪರ್ಶವನ್ನೂ ಕಲಿಯುತ್ತದೆ, ಹುಲ್ಲಿನ ಮೇಲೆ ರೂಢಿಯಾದ ಮರಿ ನಾಲ್ಕು ತಿಂಗಳಾದ ಮೇಲೆ ಕೆಳಗಿನ ಹುಲ್ಲನ್ನು ಬೇಗ ಒಪ್ಪಿಕೊಳ್ಳುತ್ತದೆ. ಪೇಪರೇ ಗತಿಯೆಂದರೆ ಅದೂ ಆಗಬಹುದು, ಬಿಡಿಸಲಾಗುವುದಿಲ್ಲ ಎಂಬುದು ನಿಜವಲ್ಲ. ಒದ್ದೆಯಾದ ಪೇಪರಿನ ಒಂದು ಸಣ್ಣ ತುಂಡನ್ನು ಹೊಸ ಪೇಪರಿನ ಕೆಳಗಿಟ್ಟರೆ ವಾಸನೆ ಜಾಗವನ್ನು ತೋರಿಸುತ್ತದೆ. ಮುಂದೆ ಅದೇ ತುಂಡನ್ನು ಕೆಳಗಿನ ಹುಲ್ಲಿಗೆ ಒಯ್ದರೆ ಅಲ್ಲಿಯೂ ತೋರಿಸುತ್ತದೆ. ಬಾಲ್ಕನಿಯ ಕಂಬಿಗಳ ಸಂದಿಯಲ್ಲಿ ಮರಿಯ ತಲೆ ತೂರುವುದೋ ಎಂದು ಮೊದಲು ಪರೀಕ್ಷಿಸಿ, ತೂರುವಂತಿದ್ದರೆ ಬಲೆ ಕಟ್ಟಿಸಿ. ಒಂಬತ್ತನೆಯ ಮಹಡಿಯಲ್ಲಿ ಇದು ಮೂತ್ರಕ್ಕಿಂತ ದೊಡ್ಡ ಮಾತು.

ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಒಂಬತ್ತು ವಾರದ ಮರಿ ಎಂಟು ಗಂಟೆ ಒಂಟಿಯಾಗಿದ್ದು ನೆಲ ಒಣಗಿರಲಿ ಎಂದರೆ ಅದು ಆಗದ ಮಾತು. ಒಂದೆರಡು ತಿಂಗಳ ಮಟ್ಟಿಗೆ ಒಬ್ಬರು ಮನೆಯಿಂದ ಕೆಲಸ ಮಾಡುವುದೋ, ನೆಂಟರೊಬ್ಬರು ಬಂದಿರುವುದೋ, ಮನೆಗೆಲಸದವರಿಗೆ ಹೆಚ್ಚಿನ ಸಂಬಳ ಕೊಟ್ಟು ಹಗಲಿನಲ್ಲಿ ಎರಡು ಬಾರಿ ಬರುವಂತೆ ಕೇಳಿಕೊಳ್ಳುವುದೋ ಏನಾದರೊಂದು ಏರ್ಪಾಡು ಬೇಕೇ ಬೇಕು. ಬಚ್ಚಲಲ್ಲಿ ಕೂಡಿಹಾಕುವುದು ಏರ್ಪಾಡಲ್ಲ. ಹಾಲ್‌ನ ಒಂದು ಮೂಲೆಗೆ ಮಡಚುವ ಬೇಲಿ ಹಾಕಿ, ಒಂದು ತುದಿಯಲ್ಲಿ ಹಾಸಿಗೆ, ಇನ್ನೊಂದು ತುದಿಯಲ್ಲಿ ಪೇಪರು, ನಡುವೆ ನೀರು, ಅಗಿಯಲು ಏನಾದರೂ ಇಟ್ಟರೆ ಉಳಿದ ಮನೆ ಉಳಿಯುತ್ತದೆ. ನೀರು ಕೊಡುವುದನ್ನು ಕಡಿಮೆ ಮಾಡಿ ಮೂತ್ರ ಕಡಿಮೆ ಮಾಡಿಸುವ ಯೋಚನೆ ಮಾತ್ರ ಬೇಡ.

ಜಾರುವ ನೆಲದ ಬಗ್ಗೆ ನಿಮಗಾದ ಗಾಬರಿ ನ್ಯಾಯವಾದದ್ದು. ಲ್ಯಾಬ್ರಡಾರ್ ತಳಿಗೆ ಸೊಂಟದ ಕೀಲು ಸರಿಯಾಗಿ ಕೂರದ ತೊಂದರೆ ವಂಶದಲ್ಲೇ ಬರಬಹುದು. ಬೆಳೆಯುವ ವಯಸ್ಸಿನಲ್ಲಿ ದಿನವೂ ಜಾರುವುದು ಆ ಕೀಲಿಗೆ ಒಳ್ಳೆಯದಲ್ಲ. ಆದ್ದರಿಂದ ನೀವು ಬೆಲೆಬಾಳುವ ರತ್ನಗಂಬಳಿಯನ್ನು ತೆಗೆದರೂ ನೆಲವನ್ನು ಬೋಳಾಗಿ ಬಿಡಬಾರದು. ಕೆಳಗೆ ರಬ್ಬರಿರುವ, ಯಂತ್ರದಲ್ಲಿ ಒಗೆಯಬಹುದಾದ ಹಾಸುಗಳನ್ನು, ಇಲ್ಲವೇ ಹಳೆಯ ಯೋಗಾ ಮ್ಯಾಟುಗಳನ್ನು ಮರಿ ಓಡಾಡುವ ದಾರಿಯುದ್ದಕ್ಕೂ ಹಾಕಿ. ಅಂಗಾಲಿನ ಗದ್ದುಗೆಗಳ ನಡುವೆ ಬೆಳೆಯುವ ಕೂದಲನ್ನು ಕತ್ತರಿಸುತ್ತಿರಿ. ನಡೆಯುವಾಗ ಟೈಲ್ಸ್ ಮೇಲೆ ಟಿಕ್ ಟಿಕ್ ಎಂದು ಕೇಳಿದರೆ ಉಗುರು ಬೆಳೆದಿದೆ ಎಂದರ್ಥ. ಉದ್ದ ಉಗುರು ಜಾರಿಸುವುದಲ್ಲದೆ ಮರದ ನೆಲವಿದ್ದವರಿಗೆ ಗೀರುಗಳನ್ನೂ ಬಿಟ್ಟುಹೋಗುತ್ತದೆ.

ಪ್ರಶ್ನೆ: ಹೊಸ ಮನೆಗೆ ಮಾರ್ಬಲ್ ಹಾಕಿಸಿದ್ದೇವೆ. ಮರಿ ಮಾಡಿದಲ್ಲೆಲ್ಲ ಅತ್ತೆಯವರು ಫಿನಾಯಿಲ್ ಸುರಿದು ಒರೆಸುತ್ತಾರೆ. ಕಲೆ ಹೋಗದಿದ್ದಾಗ ಮೊನ್ನೆ ಬಚ್ಚಲು ತೊಳೆಯುವ ಆಸಿಡ್ ಹಾಕಿದರು. ಅಲ್ಲಿ ಹೊಳಪೇ ಹೋಗಿ ಬೆಳ್ಳಗೆ ಮಂಕಾಗಿದೆ. ವಿನೆಗರ್, ನಿಂಬೆರಸ ಒಳ್ಳೆಯದು ಎಂದು ಓದಿದೆ. ಇಷ್ಟಾದರೂ ಮರಿ ಅದೇ ಜಾಗಕ್ಕೆ ಹೋಗುತ್ತದೆ.
— ಗೃಹಿಣಿ, ದಾವಣಗೆರೆ

ಉತ್ತರ: ಆಸಿಡ್ ಬಿದ್ದಲ್ಲಿ ಆಗಿರುವುದು ಕಲೆಯಲ್ಲ, ಕಲ್ಲೇ ಸವೆದಿದೆ. ಮಾರ್ಬಲ್ ಎಂದರೆ ಸುಣ್ಣದ ಅಂಶದ ಕಲ್ಲು; ಹುಳಿಯಾದುದು ಏನೇ ತಾಗಿದರೂ ಅದು ಕರಗುತ್ತದೆ. ವಿನೆಗರ್, ನಿಂಬೆರಸ ಕೂಡ ಹುಳಿಯೇ. ಕಡಪ ಕಲ್ಲು, ಶಹಾಬಾದ್ ಕಲ್ಲು, ಹಳೆಯ ಮನೆಗಳ ಸಿಮೆಂಟಿನ ಕೆಂಪು ಗಾರೆ ನೆಲ, ಮೊಸಾಯಿಕ್ ಇವೆಲ್ಲಕ್ಕೂ ಇದೇ ಮಾತು ಸಲ್ಲುತ್ತದೆ. ಗ್ರಾನೈಟ್ ಮತ್ತು ವಿಟ್ರಿಫೈಡ್ ಟೈಲ್ಸ್ ಮಾತ್ರ ವಿನೆಗರನ್ನು ತಾಳಿಕೊಳ್ಳುತ್ತವೆ, ಆದರೆ ಟೈಲ್ಸ್ ನಡುವಿನ ಸಿಮೆಂಟಿನ ಸಂದುಗಳು ತಾಳಿಕೊಳ್ಳುವುದಿಲ್ಲ. ಮಂಕಾದ ಜಾಗವನ್ನು ಮಾರ್ಬಲ್ ಪಾಲಿಶ್ ಮಾಡುವವರನ್ನು ಕರೆಸಿ ಸರಿಪಡಿಸಬಹುದು, ಆದರೆ ಮರಿ ಪೂರ್ತಿ ಕಲಿಯುವವರೆಗೆ ಆ ಖರ್ಚು ಮಾಡಬೇಡಿ.

ಫಿನಾಯಿಲ್ ವಿಷಯದಲ್ಲಿ ಅತ್ತೆಯವರಿಗೆ ಹೀಗೆ ತಿಳಿಸಿ ನೋಡಿ. ಫಿನಾಯಿಲಿನ ಘಾಟು ನಮ್ಮ ಮೂಗಿಗೆ ಮೂತ್ರದ ವಾಸನೆಯನ್ನು ಮರೆಮಾಚುತ್ತದೆ. ನಾಯಿಯ ಮೂಗಿಗೆ ಅದರ ಅಡಿಯಲ್ಲಿ ಮೂತ್ರದ ವಾಸನೆ ಹಾಗೆಯೇ ಉಳಿದಿರುತ್ತದೆ. ಅದಕ್ಕೇ ಮರಿ ಮರಳಿ ಬರುತ್ತಿದೆ. ಜೊತೆಗೆ, ಒದ್ದೆ ಫಿನಾಯಿಲಿನ ಮೇಲೆ ನಡೆದ ಮರಿ ತನ್ನ ಅಂಗಾಲನ್ನು ನೆಕ್ಕಿಕೊಳ್ಳುತ್ತದೆ. ಅಂಗಾಲು ಕೆಂಪಾಗಿ, ಬಾಯಲ್ಲಿ ಹುಣ್ಣಾಗಿ, ಊಟ ಬಿಟ್ಟ ಮರಿಗಳನ್ನು ಪ್ರತಿವರ್ಷವೂ ನೋಡುತ್ತೇನೆ. ಅಮೋನಿಯಾ ಇರುವ ದ್ರವಗಳಂತೂ ಮೂತ್ರದಂತೆಯೇ ನಾರುವುದರಿಂದ ಮರಿಗೆ ಕರೆ ಕೊಟ್ಟಂತೆ.

ಸರಿಯಾದ ಕ್ರಮ ಸರಳವಾಗಿದೆ. ಮೊದಲು ಹಳೆಯ ಬಟ್ಟೆಯನ್ನೋ ಪೇಪರನ್ನೋ ಒತ್ತಿ ಮೂತ್ರವನ್ನು ಪೂರ್ತಿ ಹೀರಿಸಿ ತೆಗೆಯಿರಿ. ಬಳಿಕ ತಣ್ಣೀರಿನಲ್ಲಿ ಎರಡು ಬಾರಿ ಒರೆಸಿ. ಆನಂತರ ಸಾಕುಪ್ರಾಣಿಗಳ ಅಂಗಡಿಯಲ್ಲಿ ಎನ್‌ಜೈಮ್ ಕ್ಲೀನರ್ ಎಂದು ಕೇಳಿದರೆ ಕೊಡುವ, ಕಿಣ್ವಗಳಿರುವ ದ್ರವವನ್ನು ಮಾರ್ಬಲ್‌ಗೆ ಆಗುತ್ತದೆ ಎಂದು ಡಬ್ಬಿಯ ಮೇಲೆ ನೋಡಿಕೊಂಡು ಸಿಂಪಡಿಸಿ, ಅದರಲ್ಲಿ ಹೇಳಿದಷ್ಟು ಹೊತ್ತು ಒದ್ದೆಯಾಗಿಯೇ ಬಿಡಿ. ವಾಸನೆಯ ಮೂಲವನ್ನೇ ಒಡೆಯಲು ಕಿಣ್ವಕ್ಕೆ ಸಮಯ ಬೇಕು. ಹಾಕಿದ ಕೂಡಲೇ ಒರೆಸಿದರೆ ದುಡ್ಡು ದಂಡ. ಫಿನಾಯಿಲ್ ಹಾಕಿದ ಜಾಗವಾದರೆ ಮೊದಲು ಚೆನ್ನಾಗಿ ತೊಳೆದುಕೊಳ್ಳಿ, ಇಲ್ಲವಾದರೆ ಕಿಣ್ವಗಳು ಕೆಲಸ ಮಾಡುವುದಿಲ್ಲ. ಮೂತ್ರ ಒರೆಸಿದ ಬಟ್ಟೆಯಿಂದಲೇ, ಅದೇ ಬಕೆಟ್ಟಿನ ನೀರಿನಿಂದಲೇ ಇಡೀ ಮನೆ ಒರೆಸಿದರೆ ಮನೆಯ ಎಲ್ಲ ಮೂಲೆಗೂ ಗುರುತು ಹಾಕಿದಂತಾಗುತ್ತದೆ. ಅದಕ್ಕೊಂದು ಬೇರೆಯೇ ಬಟ್ಟೆ ಇರಲಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬ್ಲೀಚ್ ಮತ್ತು ಬಚ್ಚಲು ತೊಳೆಯುವ ಆಸಿಡ್ ಎಂದಿಗೂ ಒಂದೇ ಜಾಗದಲ್ಲಿ ಸೇರಬಾರದು; ಅವು ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಅದು ಮರಿಗಿಂತ ಮೊದಲು ಒರೆಸುವವರ ಶ್ವಾಸಕೋಶವನ್ನೇ ಸುಡುತ್ತದೆ.

ಪ್ರಶ್ನೆ: ಮದುವೆಯಲ್ಲಿ ಉಡುಗೊರೆಯಾಗಿ ಬಂದ ಕಾಶ್ಮೀರದ ಉಣ್ಣೆಯ ರತ್ನಗಂಬಳಿಯ ಮೇಲೆ ಬೀದಿಯಿಂದ ತಂದು ಸಾಕಿದ ಮರಿ ನಾಲ್ಕೈದು ಬಾರಿ ಮಾಡಿದೆ. ಬೇಸಿಗೆಯಲ್ಲಿ ವಾಸನೆ ಇರಲಿಲ್ಲ, ಮಳೆ ಹಿಡಿದ ಮೇಲೆ ಮನೆಯೆಲ್ಲ ನಾರುತ್ತಿದೆ. ಈಗ ಅಂಚಿನ ಕುಚ್ಚುಗಳನ್ನೂ ಕಡಿಯುತ್ತಿದೆ.
— ಶಿಕ್ಷಕಿ, ಮಂಗಳೂರು

ಉತ್ತರ: ಬೀದಿಯ ಮರಿಯೊಂದಕ್ಕೆ ಮನೆ ಕೊಟ್ಟಿದ್ದೀರಿ ಎಂಬುದನ್ನು ಓದಿ ಸಂತೋಷವಾಯಿತು. ನಮ್ಮ ನಾಡ ಮರಿಗಳು ಈ ವಿಷಯದಲ್ಲಿ ಬೇಗ ಕಲಿಯುತ್ತವೆ ಎಂಬುದು ನನ್ನ ಅನುಭವ.

ಒಣಗಿದ ಮೂತ್ರದ ಲವಣಗಳು ಉಣ್ಣೆಯ ಬುಡದಲ್ಲಿ ಉಳಿದಿರುತ್ತವೆ. ಕರಾವಳಿಯ ಮಳೆಗಾಲದ ತೇವವನ್ನು ಅವು ಹೀರಿದಾಗ ವಾಸನೆ ಮತ್ತೆ ಏಳುತ್ತದೆ. ಕಲೆ ಎಲ್ಲೆಲ್ಲಿದೆ ಎಂದು ತಿಳಿಯಲು ರಾತ್ರಿ ದೀಪವಾರಿಸಿ ಅತಿನೇರಳೆ ಬೆಳಕಿನ ಸಣ್ಣ ಟಾರ್ಚ್ ಹಿಡಿದು ನೋಡಿ, ಒಣಗಿದ ಮೂತ್ರ ಮಂದವಾಗಿ ಹೊಳೆಯುತ್ತದೆ. ಆದರೆ ಉಣ್ಣೆಗೆ ಮೇಲೆ ಹೇಳಿದ ಉಪಾಯಗಳೆಲ್ಲವೂ ಒಗ್ಗುವುದಿಲ್ಲ. ಉಣ್ಣೆಯೂ ಪ್ರೋಟೀನೇ ಆದ್ದರಿಂದ ಪ್ರೋಟೀನನ್ನು ಒಡೆಯುವ ಕಿಣ್ವಗಳು ನೂಲಿಗೂ ಹಾನಿ ಮಾಡಬಹುದು. ಉಣ್ಣೆಗೆ ಸುರಕ್ಷಿತ ಎಂದು ಬರೆದಿಲ್ಲದ ಕ್ಲೀನರನ್ನು ಬಳಸಲೇಬೇಡಿ. ಬ್ಲೀಚ್ ಉಣ್ಣೆಯನ್ನು ಕರಗಿಸಿಯೇಬಿಡುತ್ತದೆ. ಬಿಸಿನೀರು, ಹಬೆ ಎರಡೂ ಕಲೆಯನ್ನು ಕಾಯಂ ಮಾಡುತ್ತವೆ. ಉಜ್ಜಿದರೆ ಎಳೆ ಎದ್ದು ನಿಲ್ಲುತ್ತದೆ. ಹೊಸದಾಗಿ ಬಿದ್ದ ಮೂತ್ರವಾದರೆ ಒತ್ತಿ ಹೀರಿಸಿ, ಒಂದು ಪಾಲು ಬಿಳಿ ವಿನೆಗರಿಗೆ ನಾಲ್ಕೈದು ಪಾಲು ತಣ್ಣೀರು ಬೆರೆಸಿ, ಮೂಲೆಯೊಂದರಲ್ಲಿ ಬಣ್ಣ ಬಿಡುವುದಿಲ್ಲವೆಂದು ಖಚಿತಪಡಿಸಿಕೊಂಡು ಒತ್ತಿ ತೆಗೆಯಬಹುದು. ಕಲ್ಲಿಗೆ ಶತ್ರುವಾದ ವಿನೆಗರ್ ಇಲ್ಲಿ ಮಿತ್ರ. ರತ್ನಗಂಬಳಿಯನ್ನು ನೆಲದಿಂದೆತ್ತಿ ಎರಡು ಕುರ್ಚಿಗಳ ಬೆನ್ನಿನ ಮೇಲೆ ಹಾಕಿ, ಕೆಳಗಿನಿಂದಲೂ ಫ್ಯಾನ್ ಗಾಳಿ ಆಡುವಂತೆ ಒಣಗಿಸಿ. ನಾಲ್ಕೈದು ಬಾರಿ ಮಾಡಿ ತಿಂಗಳುಗಳು ಕಳೆದ ಗಂಟು ಹಾಕಿದ ಉಣ್ಣೆಗೆ ಮನೆಯ ಮದ್ದು ಸಾಲದು. ಕೈಯಿಂದ ನೆಯ್ದ ರತ್ನಗಂಬಳಿಗಳನ್ನು ತೊಳೆದು ರೂಢಿಯಿರುವವರಿಗೇ ಕೊಡಿ, ಮೂತ್ರದ ಕಲೆ ಎಂದು ಸಂಕೋಚಪಡದೆ ಹೇಳಿ. ಮಳೆಗಾಲದಲ್ಲಿ ಮನೆಯಲ್ಲೇ ನೆನೆಸಿದರೆ ಒಣಗದೆ ಬೂಸ್ಟು ಹಿಡಿಯುವುದೇ ಹೆಚ್ಚು. ಬಣ್ಣವೇ ಬದಲಾಗಿದ್ದರೆ ಅದು ಮರಳುವುದಿಲ್ಲ.

ಕುಚ್ಚಿನ ಮಾತು ರತ್ನಗಂಬಳಿಯ ಮಾತಷ್ಟೇ ಆಗಿದ್ದರೆ ನಾನು ಇಲ್ಲಿಗೆ ನಿಲ್ಲಿಸುತ್ತಿದ್ದೆ. ಮೂರೂವರೆ ತಿಂಗಳಿಂದ ಆರೇಳು ತಿಂಗಳವರೆಗೆ ಮರಿಯ 28 ಹಾಲುಹಲ್ಲುಗಳು ಬಿದ್ದು 42 ಹಲ್ಲುಗಳು ಬರುತ್ತವೆ, ಒಸಡು ನವೆಯುತ್ತದೆ, ಸಿಕ್ಕಿದ್ದನ್ನು ಕಡಿಯುತ್ತದೆ. ಕುಚ್ಚಿನ ಉದ್ದ ದಾರ ಹೊಟ್ಟೆಗೆ ಹೋದರೆ ಒಂದು ತುದಿ ಎಲ್ಲಾದರೂ ಸಿಕ್ಕಿಕೊಂಡು, ಕರುಳು ಲಂಗದ ಲಾಡಿ ಎಳೆದಂತೆ ನೆರಿಗೆಗಟ್ಟಿ, ಕೊನೆಗೆ ಹರಿಯಬಹುದು. ಮರಿ ಮೇಲಿಂದ ಮೇಲೆ ವಾಂತಿ ಮಾಡಿದರೆ, ಊಟ ಬಿಟ್ಟು ಬೆನ್ನು ಬಾಗಿಸಿ ನಿಂತರೆ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಗುದದಿಂದಲೋ ಬಾಯಿಂದಲೋ ದಾರ ಕಂಡರೆ ಎಳೆಯಬೇಡಿ. ಕಡಿಯಲು ಬೇರೆಯದು ಕೊಡಿ: ಫ್ರಿಜ್ಜಿನಲ್ಲಿಟ್ಟ ದಪ್ಪ ಗಜ್ಜರಿ, ಗಟ್ಟಿ ರಬ್ಬರಿನ ಆಟಿಕೆ, ಒದ್ದೆ ಮಾಡಿ ಗಂಟು ಕಟ್ಟಿ ಹೆಪ್ಪುಗಟ್ಟಿಸಿದ ದಪ್ಪ ಟವೆಲ್. ಟವೆಲನ್ನು ಮಾತ್ರ ನೀವು ಎದುರಿಗಿದ್ದಾಗಲೇ ಕೊಡಿ, ದಾರ ಬಿಡತೊಡಗಿದರೆ ಎತ್ತಿಡಿ. ಹಳೆಯ ಚಪ್ಪಲಿ, ಹಳೆಯ ಚಾಪೆಯ ತುಂಡು ಕೊಟ್ಟು ಹೊಸದನ್ನು ಮುಟ್ಟಬೇಡ ಎಂದರೆ ಆ ಭೇದ ಅದಕ್ಕೆ ತಿಳಿಯದು.

ಪ್ರಶ್ನೆ: ಮನೆಯಲ್ಲಿ ಹತ್ತು ತಿಂಗಳ ಮಗು ಶಹಾಬಾದ್ ಕಲ್ಲಿನ ನೆಲದಲ್ಲೇ ಅಂಬೆಗಾಲಿಡುತ್ತದೆ. ಎರಡು ತಿಂಗಳ ಮರಿಗೆ ಹಾಲು ಬ್ರೆಡ್ಡು ಹಾಕುತ್ತೇವೆ, ದಿನಕ್ಕೆ ಐದಾರು ಬಾರಿ ತೆಳ್ಳಗೆ ಭೇದಿ ಮಾಡುತ್ತದೆ. ಮಗುವಿಗೆ ಏನಾದರೂ ಅಂಟುತ್ತದೆಯೇ? ಮರಿಯನ್ನು ಕೊಟ್ಟುಬಿಡಿ ಎಂದು ಹಿರಿಯರು ಹೇಳುತ್ತಿದ್ದಾರೆ.
— ಓದುಗರು, ಕಲಬುರಗಿ

ಉತ್ತರ: ಹಾಲನ್ನು ಇಂದೇ ನಿಲ್ಲಿಸಿ. ತಾಯಿಯ ಹಾಲು ಬಿಟ್ಟ ಮರಿಗೆ ಹಸು, ಎಮ್ಮೆಯ ಹಾಲಿನ ಸಕ್ಕರೆ ಅಂಶ ಸರಿಯಾಗಿ ಜೀರ್ಣವಾಗುವುದಿಲ್ಲ, ಭೇದಿಗೆ ಬಹುಮಟ್ಟಿಗೆ ಅದೇ ಕಾರಣವಿರುತ್ತದೆ. ಮರಿಗಳ ಆಹಾರವನ್ನೋ, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿದ ಅನ್ನ, ಕೋಳಿ, ಮೊಟ್ಟೆಯನ್ನೋ ದಿನಕ್ಕೆ ನಾಲ್ಕು ಬಾರಿ ಹೊತ್ತಿಗೆ ಸರಿಯಾಗಿ ಕೊಡಿ. ಊಟದ ಹೊತ್ತು ನಿಶ್ಚಿತವಾದರೆ ಎರಡಕ್ಕೆ ಹೋಗುವ ಹೊತ್ತೂ ನಿಶ್ಚಿತವಾಗುತ್ತದೆ. ಎರಡು ದಿನದಲ್ಲಿ ಗಟ್ಟಿಯಾಗದಿದ್ದರೆ, ರಕ್ತ ಕಂಡರೆ, ಮರಿ ಮಂಕಾದರೆ ಕಾಯದೆ ವೈದ್ಯರಿಗೆ ತೋರಿಸಿ.

ಮಗುವಿನ ವಿಷಯದಲ್ಲಿ ಹಿರಿಯರ ಆತಂಕಕ್ಕೆ ಆಧಾರವಿದೆ, ಪರಿಹಾರವೂ ಇದೆ. ಮರಿಗಳಿಗೆ ಜಂತುಹುಳು ತಾಯಿಯ ಗರ್ಭದಿಂದಲೇ ಬರುತ್ತದೆ, ಅದರ ಮೊಟ್ಟೆಗಳು ಮಲದಲ್ಲಿ ಹೊರಬರುತ್ತವೆ. ಆದರೆ ಆ ಮೊಟ್ಟೆಗಳು ಸೋಂಕು ತರುವ ಹಂತಕ್ಕೆ ಬೆಳೆಯಲು ವಾರಗಳು ಬೇಕು. ಆದ್ದರಿಂದ ಮಲವನ್ನು ಬಿದ್ದಾಗಲೇ ಎತ್ತಿ, ಜಾಗವನ್ನು ಬಿಸಿನೀರು ಸೋಪಿನಿಂದ ಉಜ್ಜಿ ತೊಳೆದರೆ ಅಪಾಯದ ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಎರಡು ವಾರದ ವಯಸ್ಸಿನಿಂದ ಎರಡು ವಾರಕ್ಕೊಮ್ಮೆ, ಎರಡು ತಿಂಗಳಾದ ಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಜಂತುಹುಳುವಿನ ಔಷಧ ಕೊಡಬೇಕು. ಈವರೆಗೆ ಕೊಟ್ಟಿಲ್ಲವಾದರೆ ತೂಕ ನೋಡಿ ವೈದ್ಯರಿಂದ ಕೊಡಿಸಿ. ಇಲಿಜ್ವರ ಮೂತ್ರದಿಂದ ಹರಡುವುದರಿಂದ ಅದರ ಲಸಿಕೆಯೂ ಇರಲಿ. ಮಗು ಆಡುವ ಜಾಗಕ್ಕೂ ಮರಿಯ ಜಾಗಕ್ಕೂ ನಡುವೆ ಹೊಸ್ತಿಲಿಗೊಂದು ಅಡ್ಡಪಟ್ಟಿ ಕಟ್ಟಿ. ಶಹಾಬಾದ್ ಕಲ್ಲು ಹೀರುವ ಕಲ್ಲಾದ್ದರಿಂದ ಮೂತ್ರವನ್ನು ನಿಲ್ಲಲು ಬಿಡದೆ ಕೂಡಲೇ ಒರೆಸುವುದು ಮುಖ್ಯ. ಒಂದು ಗಂಟೆ ನಿಂತರೆ ಕಲೆ ಒಳಗಿಳಿಯುತ್ತದೆ. ಇಷ್ಟು ಮಾಡಿದರೆ ಮರಿಯನ್ನು ಕೊಡುವ ಅಗತ್ಯವಿಲ್ಲ.

ಪ್ರಶ್ನೆ: ನಾಲ್ಕು ತಿಂಗಳ ಹೆಣ್ಣುಮರಿ ಎಲ್ಲವನ್ನೂ ಹೊರಗೇ ಮಾಡುತ್ತದೆ. ಆದರೆ ಯಜಮಾನರು ಸಂಜೆ ಮನೆಗೆ ಬಂದು ಮಾತಾಡಿಸಿದರೆ ಬಾಲ ಅಲ್ಲಾಡಿಸುತ್ತಾ ಅಲ್ಲಿಯೇ ಸ್ವಲ್ಪ ಮಾಡಿಬಿಡುತ್ತದೆ. ಬೈದರೆ ಇನ್ನೂ ಹೆಚ್ಚು.
— ಓದುಗರು, ಶಿವಮೊಗ್ಗ

ಉತ್ತರ: ಇದು ಕಲಿಯದಿರುವುದರ ಲಕ್ಷಣವಲ್ಲ. ಸಂತೋಷ, ವಿಧೇಯತೆ ಉಕ್ಕಿದಾಗ ಮರಿಗೆ ಅರಿವಿಲ್ಲದೆಯೇ ಹೀಗಾಗುತ್ತದೆ, ಬೈದರೆ ವಿಧೇಯತೆ ತೋರಿಸುವ ಆತುರ ಹೆಚ್ಚಿ ಮೂತ್ರವೂ ಹೆಚ್ಚುತ್ತದೆ. ಯಜಮಾನರು ಬಂದಾಗ ಮರಿಯ ಕಡೆ ನೋಡದೆ, ಮಾತಾಡಿಸದೆ ನೇರವಾಗಿ ಹಿಂಬಾಗಿಲಿನಿಂದ ಹೊರಗೆ ನಡೆಯಲಿ. ಮರಿ ಹಿಂದೆಯೇ ಬರುತ್ತದೆ. ಅಲ್ಲಿ, ಮೇಲಿನಿಂದ ಬಾಗದೆ ಪಕ್ಕಕ್ಕೆ ಕುಕ್ಕರುಗಾಲಲ್ಲಿ ಕುಳಿತು, ತಲೆಯ ಬದಲು ಗದ್ದದ ಕೆಳಗೆ ಸವರಿ ಮಾತಾಡಿಸಲಿ. ವಯಸ್ಸಾಗುತ್ತಾ ಬಹುತೇಕ ಮರಿಗಳಲ್ಲಿ ಇದು ತಾನಾಗಿ ನಿಲ್ಲುತ್ತದೆ. ಹೆಣ್ಣುಮರಿಯಾದ್ದರಿಂದ ಒಂದನ್ನು ಗಮನಿಸುತ್ತಿರಿ: ಯಾರೂ ಮಾತಾಡಿಸದಿದ್ದಾಗಲೂ ಪದೇಪದೇ ಕುಳಿತು ಹನಿಹನಿಯಾಗಿ ಮಾಡಿದರೆ, ಆ ಜಾಗವನ್ನು ನೆಕ್ಕಿಕೊಳ್ಳುತ್ತಲೇ ಇದ್ದರೆ, ಮೂತ್ರದಲ್ಲಿ ರಕ್ತದ ಛಾಯೆ ಕಂಡರೆ ಅದು ಮೂತ್ರಕೋಶದ ಸೋಂಕಿರಬಹುದು. ಬೆಳಗಿನ ಮೊದಲ ಮೂತ್ರವನ್ನು ಒಂದು ಶುಚಿಯಾದ ತಟ್ಟೆಯಲ್ಲಿ ಹಿಡಿದು, ಬಾಟಲಿಗೆ ಹಾಕಿ, ಒಂದು ಗಂಟೆಯೊಳಗೆ ಹತ್ತಿರದ ಪಶು ಆಸ್ಪತ್ರೆಗೆ ತಲುಪಿಸಿ.